ಅಟ್ಟದ ಅಳಿಲು: ‘ಕೃಷ್ಣಮೂರ್ತಿಪುರಂ ಮನೆ’ ಗುಂಪಿನಲ್ಲಿ ಒಂದು ಭಾನುವಾರ

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಅರ್ಧ ವಾಕ್ಯ ಬರೆದು ಬಿಟ್ಟವರಿಗೆ ಅವರು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಜಗಳವೂ ಪೂರ್ಣವಿರಾಮ ಹಾಕಿಕೊಂಡೇ ನಡೆಯುತ್ತದೆ. ನನ್ನ ಫೋನಿನಲ್ಲಿ ಯಾರನ್ನು ಹೇಗೆ ಉಳಿಸಿಕೊಂಡಿದ್ದೇನೋ ಹಾಗೆಯೇ ಇಲ್ಲಿ ಇಟ್ಟಿದ್ದೇನೆ.

ಬೆಂಗಳೂರು ಚಿಕ್ಕಪ್ಪ, ಬೆಳಿಗ್ಗೆ 7:12
ಹಲವು ಬಾರಿ ಫಾರ್ವರ್ಡ್ ಆಗಿರುವ ಸಂದೇಶ: “ಅಟ್ಟದಲ್ಲಿ ಅಳಿಲಿನ ಕಾಟವೇ? ಅರ್ಧ ಕಿಲೋ ನುಸಿಗುಳಿಗೆಯನ್ನು ಮೂಲೆಮೂಲೆಗೆ ಚೆಲ್ಲಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಬರುವ ಸಂದಿಗೆ ಫೋಮ್ ತುಂಬಿ ಮುಚ್ಚಿಬಿಡಿ. ಮೂರೇ ದಿನದಲ್ಲಿ ಸದ್ದಡಗುತ್ತದೆ. ತಪ್ಪದೆ ಹತ್ತು ಜನರಿಗೆ ಕಳುಹಿಸಿ.”

ಬೆಂಗಳೂರು ಚಿಕ್ಕಪ್ಪ, 7:13
ಅಣ್ಣಾ, ನೀನು ಹೋದ ವಾರ ಹೇಳಿದ ತೊಂದರೆಗೆ ಇದಕ್ಕಿಂತ ಸುಲಭದ ಉಪಾಯ ನನಗೆ ಕಾಣುವುದಿಲ್ಲ.

ಮೈಸೂರು ದೊಡ್ಡಪ್ಪ, 7:40
ಓದಿದೆ. ಪರಿಸ್ಥಿತಿ ಏನೆಂಬುದು ಎಲ್ಲರಿಗೂ ತಿಳಿದಿರಲಿ. ಹಿಂದಿನ ಕೋಣೆಯ ಸೂರಿನ ತುದಿಯಲ್ಲಿ ಎರಡು ಹಂಚು ಜರುಗಿ ಮೂರು ಬೆರಳು ತೂರುವಷ್ಟು ಸಂದಿಯಾಗಿದೆ. ಸೀಬೆ ಮರದ ಕೊಂಬೆ ಹಂಚಿಗೆ ಒರಗಿಕೊಂಡಿರುವುದರಿಂದ ಅಳಿಲು ನೇರವಾಗಿ ಅಲ್ಲಿಗೆ ಇಳಿಯುತ್ತದೆ. ಅಟ್ಟದಲ್ಲಿದ್ದ ಅಮ್ಮನ ಕಾಲದ ಹಾಸಿಗೆಯನ್ನು ಬಗೆದು ಹತ್ತಿ ಎಳೆದಿದೆ, ತೆಂಗಿನ ನಾರಿನ ಕಾಲೊರಸನ್ನು ಎಳೆಎಳೆಯಾಗಿ ಬಿಡಿಸಿದೆ, ಅದನ್ನೆಲ್ಲ ಸಹಿಸಿದ್ದೆ. ಶುಕ್ರವಾರ ಇನ್ವರ್ಟರಿಗೆ ಸೇರಿದ ವೈರನ್ನು ತಾಮ್ರ ಕಾಣುವಂತೆ ಕಡಿದಿರುವುದನ್ನು ಕಂಡ ಮೇಲೆ ತಾಳ್ಮೆ ಮುಗಿಯಿತು. ಇಲಿಗೆ ಇಡುವ ಅಂಟಿನ ಹಲಗೆಯನ್ನು ಇವತ್ತೇ ತರಿಸಿ, ನಾಳೆ ಸಂದಿಗೆ ಸಿಮೆಂಟು ಹಾಕಿಸುತ್ತೇನೆ.

ಹಾಸನದ ಅತ್ತೆ, 7:52
ಅಣ್ಣಾ, ರಾಮ ಬೆನ್ನು ಸವರಿ ಮೂರು ಗೆರೆ ಮೂಡಿಸಿದ ಜೀವವನ್ನು ಅಂಟಿಗೆ ಸಿಕ್ಕಿಸಿ ಸಾಯಿಸುತ್ತೀಯಾ? ಅದೂ ಬಾಣಂತಿ ಇರುವ ಮನೆಯಲ್ಲಿ?

ಬೆಂಗಳೂರು ಚಿಕ್ಕಪ್ಪ, 7:55
ಅಕ್ಕಾ, ರಾಮನ ಅಳಿಲು ಮರಳು ಹೊತ್ತಿತ್ತು, ಇದು ವೈರು ಕಡಿಯುತ್ತಿದೆ. ಮನೆಗೆ ಬೆಂಕಿ ಬಿದ್ದರೆ ಗೆರೆ ಎಣಿಸುತ್ತಾ ಕೂರುವುದಕ್ಕಾಗುತ್ತದೆಯೇ?

ನಾನು, 8:31
ದೊಡ್ಡಪ್ಪ, ಬೆಂಕಿಯ ವಿಷಯದಲ್ಲಿ ಚಿಕ್ಕಪ್ಪನ ಮಾತು ಸರಿಯಾಗಿದೆ. ಆದ್ದರಿಂದ ಅಳಿಲಿಗಿಂತ ಮೊದಲು ವೈರಿನ ಕೆಲಸವಾಗಲಿ. ಮೇನ್ ಸ್ವಿಚ್ ಆರಿಸಿದರೂ ಬ್ಯಾಟರಿಯ ಕಡೆಯಿಂದ ಕರೆಂಟು ಹರಿಯುತ್ತಲೇ ಇರುತ್ತದೆ, ಹಾಗಾಗಿ ಇನ್ವರ್ಟರನ್ನೂ ಆರಿಸಿ, ಎಲೆಕ್ಟ್ರಿಷಿಯನ್ ಬರುವವರೆಗೆ ಯಾರೂ ಅಟ್ಟ ಹತ್ತದಿರಲಿ. ವೈರು ಬದಲಿಸುವಾಗ ಪಿವಿಸಿ ಪೈಪು ಸಾಲದು, ಜಿಐ ಪೈಪಿನೊಳಗೆ ಎಳೆಸಿ. ಅಳಿಲಿನ ಮುಂದಿನ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಅದಕ್ಕೆ ಲೆಕ್ಕವಿಲ್ಲ.

ಇನ್ನು ಚಿಕ್ಕಪ್ಪ ಕಳುಹಿಸಿದ ಸಂದೇಶದ ವಿಚಾರ. ಅದನ್ನು ಬರೆದವರು ಇಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಇಲಿ ರಾತ್ರಿ ಓಡಾಡುತ್ತದೆ, ಅಳಿಲು ಓಡಾಡುವುದು ಹಗಲಿನಲ್ಲಿ. ರಾತ್ರಿ ಸಂದಿ ಮುಚ್ಚಿದರೆ ಮಲಗಿರುವ ಅಳಿಲನ್ನು ಒಳಗೇ ಹೂತಂತಾಗುತ್ತದೆ. ಮೂರು ದಿನದಲ್ಲಿ ಸದ್ದಡಗುವುದು ನಿಜವೇ, ಆದರೆ ಏಕೆ ಅಡಗುತ್ತದೆ ಎಂಬುದನ್ನು ಒಂದು ಗಳಿಗೆ ಯೋಚಿಸಿ. ನಾಲ್ಕನೆಯ ದಿನ ಬರುವ ವಾಸನೆಯ ಬಗ್ಗೆ ಆ ಸಂದೇಶದಲ್ಲಿ ಒಂದು ಅಕ್ಷರವೂ ಇಲ್ಲ. ನುಸಿಗುಳಿಗೆ ನ್ಯಾಫ್ತಲೀನ್, ಅದು ಕರಗದೆ ನೇರವಾಗಿ ಆವಿಯಾಗುತ್ತದೆ, ಅಟ್ಟದ ಹಲಗೆಗಳ ನಡುವಿನಿಂದ ಕೆಳಗಿನ ಬಾಣಂತಿ ಕೋಣೆಗೂ ಇಳಿಯುತ್ತದೆ. ಹೆಚ್ಚಾಗಿ ಉಸಿರಾಡಿದರೆ ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಅದರಲ್ಲೂ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಎಳೆಗೂಸುಗಳಿಗೆ ದೊಡ್ಡ ಅಪಾಯ. ನಾಲ್ಕು ತಿಂಗಳ ಮಗುವಿನ ತಲೆಯ ಮೇಲೆ ಅರ್ಧ ಕಿಲೋ ಸುರಿಯುವುದು ಬೇಡವೇ ಬೇಡ.

ನ್ಯೂಜೆರ್ಸಿ ಭಾವ, 8:44
ಮಾವ, ಮಗು ನನ್ನದಾದ್ದರಿಂದ ಈ ಮಾತಿಗೆ ನನ್ನ ಮತವನ್ನು ಎರಡು ಎಂದು ಎಣಿಸಿ. ನುಸಿಗುಳಿಗೆ ಖಂಡಿತ ಬೇಡ.

ಮೈಸೂರು ದೊಡ್ಡಪ್ಪ, 8:50
ಅಳಿಯಂದಿರ ಎರಡು ಮತವನ್ನೂ ಎಣಿಸಿದ್ದೇನೆ, ಗುಳಿಗೆ ಬೇಡ. ಆದರೆ ಅಂಟಿನ ಹಲಗೆಗೆ ವಾಸನೆಯೂ ಇಲ್ಲ, ಆವಿಯೂ ಇಲ್ಲ. ಅದಕ್ಕೆ ಏನು ಆಕ್ಷೇಪ?

ನಾನು, 9:02
ಅದರಲ್ಲಿ ಸಿಕ್ಕ ಪ್ರಾಣಿ ಬೇಗ ಸಾಯುವುದಿಲ್ಲ. ಚರ್ಮ ಕಿತ್ತುಕೊಂಡು, ಹಸಿವು ಬಾಯಾರಿಕೆಯಿಂದ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡುತ್ತದೆ. ಹಲ್ಲಿಯೂ ಗುಬ್ಬಿಯೂ ಅದಕ್ಕೇ ಅಂಟುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೂ 2020ರಲ್ಲೂ ಅಂಟಿನ ಹಲಗೆಯ ವಿರುದ್ಧ ಸೂಚನೆ ಹೊರಡಿಸಿದೆ, ಪ್ರಾಣಿಗೆ ಅನಗತ್ಯ ಹಿಂಸೆ ಕೊಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ವಿದ್ಯಾರ್ಥಿಗಳಿಗೆ ನಿಯಮ ಕಲಿಸಿದವರು ನೀವು.

ಬೆಂಗಳೂರು ಚಿಕ್ಕಪ್ಪ, 9:06
ಹಾಗಾದರೆ ಬೋನಿಟ್ಟು ಹಿಡಿದು ಚಾಮುಂಡಿ ಬೆಟ್ಟಕ್ಕೆ ಬಿಟ್ಟು ಬರೋಣ. ಇದರಲ್ಲಿ ಹಿಂಸೆಯೂ ಇಲ್ಲ, ಪುಣ್ಯವೂ ಉಂಟು.

ನ್ಯೂಜೆರ್ಸಿ ಭಾವ, 9:15
ಚಿಕ್ಕಪ್ಪ, ಅದು ಕೇಳುವುದಕ್ಕಷ್ಟೇ ಚೆನ್ನ. ಇಲ್ಲಿನ ಬೂದು ಅಳಿಲು ನಮ್ಮ ಅಳಿಲಿನ ಐದು ಪಟ್ಟು ತೂಗುತ್ತದೆ, ಅಂಥದ್ದೇ ಬೇರೆ ಕಾಡಿನಲ್ಲಿ ಬದುಕಲಿಲ್ಲ. ಮೇರಿಲ್ಯಾಂಡಿನಲ್ಲಿ 1994ರಿಂದ 1997ರವರೆಗೆ ಮನೆಗಳ ಸುತ್ತಲಿನ 38 ಅಳಿಲುಗಳನ್ನು ಹಿಡಿದು ದೊಡ್ಡ ಕಾಡಿಗೆ ಬಿಟ್ಟು ರೇಡಿಯೋ ಪಟ್ಟಿಯ ಮೂಲಕ ಹಿಂಬಾಲಿಸಿದಾಗ, ಶೇಕಡಾ 97ರಷ್ಟು ಮೂರು ತಿಂಗಳೊಳಗೆ ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ಗೂಡು ಗೊತ್ತಿಲ್ಲ, ತಿನ್ನುವ ಜಾಗ ಗೊತ್ತಿಲ್ಲ, ಅಲ್ಲಿ ಮೊದಲೇ ಇರುವ ಅಳಿಲುಗಳು ಬಿಟ್ಟುಕೊಡುವುದಿಲ್ಲ. ನಮ್ಮ ಮನೆಗೆ ಬಂದ ಕೆಲಸದವನು ಬೋನೇ ತಂದಿರಲಿಲ್ಲ. ಹೊರಗೆ ಮಾತ್ರ ತಳ್ಳಿಕೊಂಡು ಹೋಗಬಹುದಾದ, ತಾನಾಗಿ ಮುಚ್ಚಿಕೊಳ್ಳುವ ಸಣ್ಣ ಬಾಗಿಲನ್ನು ಸಂದಿಗೆ ಕೂರಿಸಿ ಹೋದ.

ಮೈಸೂರು ದೊಡ್ಡಪ್ಪ, 9:21
ಆ ಬಾಗಿಲು ನನಗೆ ಒಪ್ಪಿಗೆಯಾಗುವಂತಿದೆ. ಬಡಗಿಯನ್ನು ಇವತ್ತೇ ಕರೆಸುತ್ತೇನೆ.

ನಾನು, 9:48
ಇವತ್ತೇ ಬೇಡ, ದೊಡ್ಡಪ್ಪ. ತಾಯಿ ಹೊರಗೆ ಹೋಗಿ ಮರಿಗಳು ಒಳಗೆ ಉಳಿದರೆ ಆ ಬಾಗಿಲೂ ಸಿಮೆಂಟೂ ಒಂದೇ. ಇದನ್ನು ನಾನು ಓದಿ ಹೇಳುತ್ತಿಲ್ಲ, ಮಾಡಿ ಹೇಳುತ್ತಿದ್ದೇನೆ. ಹೋದ ವರ್ಷ ತುಮಕೂರಿನ ಬಾಡಿಗೆ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನಿನ ಕಂಡಿಯನ್ನು, ಅಳಿಲು ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿಯೇ, ಹಗಲು ಹೊತ್ತಿನಲ್ಲಿ ಮುಚ್ಚಿದೆ. ಸಂಜೆಯವರೆಗೂ ತಾಯಿ ಕಾಂಪೌಂಡಿನ ಮೇಲೆ ಕೂತು, ಬಾಲವನ್ನು ಪ್ರತಿ ಕೂಗಿಗೂ ಒಮ್ಮೆ ಒದರುತ್ತಾ ಒಂದೇ ಸಮನೆ ಕೂಗಿತು. ರಾತ್ರಿ ಗೋಡೆಗೆ ಕಿವಿಯಿಟ್ಟರೆ ಒಳಗೆ ಬೀಗದ ಕೈ ತಿರುಗಿಸಿದಂಥ ಸಣ್ಣ ಕಿರ್ ಕಿರ್ ಸದ್ದು. ಬೆಳಗಾಗುವುದರೊಳಗೆ ಉಳಿ ಸುತ್ತಿಗೆ ತಂದು ಒಡೆದೆ. ಪಾತ್ರೆ ಉಜ್ಜುವ ನಾರಿನ ನಡುವೆ ನನ್ನ ಹೆಬ್ಬೆರಳಿನಷ್ಟು ಉದ್ದದ ಮೂರು ಮರಿ, ಕಣ್ಣು ಬಿಟ್ಟಿಲ್ಲ, ಮೈಮೇಲೆ ಕೂದಲಿಲ್ಲ, ಗೆರೆ ಮಾತ್ರ ಚರ್ಮದ ಕೆಳಗೆ ಶಾಯಿ ಹಚ್ಚಿದಂತೆ ಕಾಣುತ್ತಿತ್ತು. ತಾಯಿ ಬಂದು ಎರಡನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಒಯ್ದಿತು. ಮೂರನೆಯದು ಅಷ್ಟರಲ್ಲಿ ತಣ್ಣಗಾಗಿತ್ತು.

ಹಾಸನದ ಅತ್ತೆ, 9:53
ಇದನ್ನು ನೀನು ನಮಗೆ ಯಾರಿಗೂ ಹೇಳಿರಲಿಲ್ಲ.

ಮೈಸೂರು ದೊಡ್ಡಪ್ಪ, 10:04
ಸರಿ. ಆದರೆ ನಮ್ಮ ಅಟ್ಟದಲ್ಲಿ ಮರಿಗಳಿವೆ ಎಂಬುದಕ್ಕೆ ಆಧಾರವೇನು? ಊಹೆಯ ಮೇಲೆ ನಾನು ವಾರಗಟ್ಟಲೆ ಕಾಯಲಾರೆ.

ನಾನು, 10:10
ಹತ್ತಿ ಎಳೆದದ್ದೇ ಗೂಡು ಕಟ್ಟಿದ ಗುರುತು. ಖಚಿತವಾಗಬೇಕಾದರೆ ಎಲೆಕ್ಟ್ರಿಷಿಯನ್ ಹತ್ತಿದಾಗ ಟಾರ್ಚ್ ಹಾಕಿ ನೋಡಲಿ, ಕೈ ಹಾಕುವುದು ಬೇಡ. ಬೇರೆ ಸಂದಿಗಳಿಗೂ ಹಳೆಯ ಪೇಪರಿನ ಉಂಡೆಯನ್ನು ಸಡಿಲವಾಗಿ ತುರುಕಿಸಿ. ಎರಡು ಮೂರು ದಿನದಲ್ಲಿ ಯಾವುದು ಹೊರಗೆ ಬಿದ್ದಿರುತ್ತದೋ ಅದೇ ದಾರಿ. ಹಂಚಿನ ಮನೆಗೆ ಹತ್ತು ಬಾಗಿಲು ಎಂಬುದನ್ನು ಮರೆಯಬೇಡಿ. ಉಳಿದವನ್ನೆಲ್ಲ ಮುಚ್ಚದೆ ಒಂದಕ್ಕೆ ಮಾತ್ರ ಭಾವನ ಬಾಗಿಲು ಕೂರಿಸಿದರೆ ಅಳಿಲು ಪಕ್ಕದ ಸಂದಿಯಿಂದ ಮನೆಗೆ ಬರುತ್ತದೆ.

ಮೈಸೂರು ದೊಡ್ಡಪ್ಪ, 12:36
ಎಲೆಕ್ಟ್ರಿಷಿಯನ್ ಬಂದು ಹೋದ. ಎರಡು ಮರಿಗಳಿವೆ. ಕಣ್ಣು ಬಿಟ್ಟಿವೆ, ಕೂದಲು ಬಂದಿದೆ, ಬೆಳಕು ಬಿದ್ದೊಡನೆ ಹತ್ತಿಯೊಳಗೆ ತಲೆ ಹುದುಗಿಸಿದವಂತೆ. ಇವು ಎಂದು ಹೊರಡುತ್ತವೆ?

ನಾನು, 12:41
ಹುಟ್ಟಿದ ಸುಮಾರು ಹತ್ತು ವಾರಕ್ಕೆ ಹಾಲು ಬಿಡುತ್ತವೆ. ಇವು ಕಣ್ಣು ಬಿಟ್ಟಿರುವುದರಿಂದ ಅಷ್ಟು ಕಾಯಬೇಕಾಗಿಲ್ಲ; ಐದಾರು ವಾರವೆಂದು ಇಟ್ಟುಕೊಳ್ಳಿ.

ನ್ಯೂಜೆರ್ಸಿ ಭಾವ, 12:47
ಬೇಗ ಹೊರಡಿಸುವ ದಾರಿಯೂ ಇದೆ. ಇಲ್ಲಿ ಗೂಡಿನ ಹತ್ತಿರ ದೀಪ ಉರಿಸಿ, ರೇಡಿಯೋದಲ್ಲಿ ಮಾತಿನ ಕಾರ್ಯಕ್ರಮ ಹಾಕಿಡುತ್ತಾರೆ. ಜಾಗ ಕ್ಷೇಮವಲ್ಲ ಎನ್ನಿಸಿದರೆ ತಾಯಿಯೇ ಮರಿಗಳನ್ನು ಬೇರೆ ಗೂಡಿಗೆ ಸಾಗಿಸುತ್ತದೆ.

ಮೈಸೂರು ದೊಡ್ಡಮ್ಮ, 12:55
ಕೆಳಗೆ ಮಗುವನ್ನು ಮಲಗಿಸುವುದಕ್ಕೇ ಒಂದು ಗಂಟೆ ಬೇಕು, ಮೇಲೆ ರೇಡಿಯೋ ಹಾಕಿದರೆ ಮೊದಲು ಮನೆ ಬಿಡುವವಳು ನಾನು. ಅಲ್ಲದೆ ನಿಮ್ಮ ಮಗುವಿನ ಅಳುವಿಗೇ ಹೆದರದ ಅಳಿಲು ರೇಡಿಯೋಗೆ ಹೆದರೀತೇ? ಐದಾರು ವಾರ ತಾನೇ, ಇರಲಿ ಬಿಡಿ.

ಬೆಂಗಳೂರು ಚಿಕ್ಕಪ್ಪ, 1:03
ಅತ್ತಿಗೆ, ಕಾಯುವುದೇ ಆದರೆ ಆ ಸೀಬೆ ಕೊಂಬೆಯನ್ನಾದರೂ ಈಗಲೇ ಕಡಿಸಿ. ಕೇಬಲ್ ವೈರು ಹಿಡಿದು ಹತ್ತುವಷ್ಟರಲ್ಲಿ ಅದಕ್ಕೇ ಸಾಕಾಗಲಿ.

ನಾನು, 1:09
ಚಿಕ್ಕಪ್ಪ, ಈಗ ಕಡಿದರೆ ಬರುಹೋಗು ಕಷ್ಟವಾಗುವುದು ಹಾಲೂಡುವ ತಾಯಿಗೆ. ಮರಿಗಳು ಹೊರಟು, ಪೇಪರಿನ ಉಂಡೆ ಮೂರು ದಿನ ಅಲುಗದೆ ಉಳಿದ ಮೇಲೆ, ಒಂದೇ ದಿನದಲ್ಲಿ ಕೊಂಬೆಯನ್ನೂ ಕಡಿಸಿ ಸೂರನ್ನೂ ಮುಚ್ಚಿಸೋಣ. ಫೋಮೂ ಬೇಡ, ಸೊಳ್ಳೆ ಪರದೆಯೂ ಬೇಡ. ಅರ್ಧ ಇಂಚಿನ ಕಣ್ಣಿನ ಜಿಐ ಜಾಲರಿಯನ್ನು ರೀಪಿಗೆ ಮೊಳೆ ಹೊಡೆಸಿ, ಅಂಚಿಗೆ ಗಾರೆ ಹಾಕಿಸಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅಳಿಲುಗಳು ಹೊರಗಿರುವಾಗ.

ಬೆಂಗಳೂರು ಚಿಕ್ಕಪ್ಪ, 1:14
ಒಂದು ಅಳಿಲಿಗೆ ಇಷ್ಟು ಪಂಚಾಂಗ ನೋಡುವ ಮನೆ ಇಡೀ ಮೈಸೂರಿನಲ್ಲಿ ಇನ್ನೊಂದಿರಲಾರದು. ಆಗಲಿ, ಜಾಲರಿಯ ಖರ್ಚು ನನ್ನದು.

ಮೈಸೂರು ದೊಡ್ಡಪ್ಪ, 1:20
ಅಂಟಿನ ಹಲಗೆ ತರಿಸುವುದಿಲ್ಲ. ಇನ್ವರ್ಟರ್ ಆರಿಸಿದೆ, ಜಿಐ ಪೈಪು ಬುಧವಾರ ಬರುತ್ತದೆ. ಸೂರಿನ ಉದ್ದ ಹದಿನೆಂಟು ಅಡಿ ಇದೆ, ಎರಡು ಅಡಿ ಹೆಚ್ಚು ಸೇರಿಸಿ ಜಾಲರಿ ತಾ. ಬರುವಾಗ ನಾರಿನ ಕಾಲೊರಸನ್ನೂ ಒಂದು ತಂದುಬಿಡು; ಹಳೆಯದು ಸದ್ಯಕ್ಕೆ ಬಳಕೆಯಲ್ಲಿದೆ.