ಆಗಮನ ಕಾಲದ ‘ಎಚ್ಚರ’: ಎದ್ದಿರುವುದೋ, ಹುಷಾರಾಗಿರುವುದೋ?

ಎಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲಕ್ಕೆಂದು ಒಂದು ಚಿಕ್ಕ ಬರಹ ಸಿದ್ಧ ಮಾಡುತ್ತಿದ್ದೇನೆ. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದ ಕೊನೆಗೆ ಯೇಸು ಶಿಷ್ಯರಿಗೆ ಮತ್ತೆ ಮತ್ತೆ ಹೇಳುವ ‘ಎಚ್ಚರವಾಗಿರಿ’ ಎಂಬ ಮಾತಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಗ್ರೀಕ್ ಮೂಲದಲ್ಲಿ 33ನೇ ವಚನದಲ್ಲಿರುವುದು ‘ಅಗ್ರುಪ್ನೇಯ್ತೆ’, ಅಂದರೆ ನಿದ್ದೆ ಮಾಡದಿರಿ. ಆಮೇಲೆ ಬರುವುದು ‘ಗ್ರೆಗೊರೇಯ್ತೆ’, ಎದ್ದಿರಿ. ಎರಡೂ ನಿದ್ದೆಗೆ ಎದುರಾದ ಮಾತುಗಳು. ನಮ್ಮ ‘ಎಚ್ಚರ’ಕ್ಕೂ ಆ ಅರ್ಥ ಇದ್ದೇ ಇದೆ: ನಾಲ್ಕು ಗಂಟೆಗೇ ಎಚ್ಚರವಾಯ್ತು, ಎಚ್ಚರ ತಪ್ಪಿ ಬಿದ್ದ. ಆದರೆ ಅದೇ ಪದ ಗೇಟಿನ ಮೇಲಿನ ‘ನಾಯಿ ಇದೆ, ಎಚ್ಚರಿಕೆ’ಯನ್ನೂ ನೆನಪಿಸುತ್ತದೆ. ‘ಎಚ್ಚರವಾಗಿರಿ’ ಬದಲು ‘ಎಚ್ಚರದಿಂದಿರಿ’ ಅಂದರಂತೂ ಹುಷಾರು ಅನ್ನುವ ಅರ್ಥವೇ ಜಾಸ್ತಿ. ಆಗಮನ ಕಾಲದಲ್ಲಿ ಬರುವವನು ನಮಗೆ ಬೇಕಾದವನು, ಅಲ್ವಾ? ಹೆದರಿಕೆಯ ನೆರಳು ಅಲ್ಲಿ ಬೀಳಬಾರದು ಅನ್ನಿಸುತ್ತದೆ.

‘ಜಾಗರಣೆ’ ಒಳ್ಳೆಯ ಪದವೇ. ಆದರೆ ಶಿವರಾತ್ರಿಯಿಂದಾಗಿ ಅದು ಒಂದು ರಾತ್ರಿಯ ವ್ರತವಾಗಿ ಮನಸ್ಸಿನಲ್ಲಿ ಕೂತಿದೆ. ಇದು ವಾರಗಟ್ಟಲೆ, ದಿನದ ಕೆಲಸದ ನಡುವೆಯೇ ಇರುವ ಎಚ್ಚರ. 34ನೇ ವಚನ ನೋಡಿ. ಮನೆಯ ಯಜಮಾನ ಪ್ರಯಾಣ ಹೊರಡುತ್ತಾನೆ. ಒಬ್ಬೊಬ್ಬ ಆಳಿಗೂ ಅವನವನ ಕೆಲಸ ಒಪ್ಪಿಸುತ್ತಾನೆ. ಎದ್ದಿರು ಎಂದು ಬಾಗಿಲು ಕಾಯುವವನಿಗೆ ಹೇಳುತ್ತಾನೆ. ಅವನು ಮರಳುವುದು ಸಂಜೆಯೋ, ನಡುರಾತ್ರಿಯೋ, ಕೋಳಿ ಕೂಗುವಾಗಲೋ, ಬೆಳಗ್ಗೆಯೋ ಗೊತ್ತಿಲ್ಲ. ಇವು ರೋಮನ್ನರ ಇರುಳಿನ ನಾಲ್ಕು ಪಾಳಿಗಳು. ಮೂರು ಮೂರು ಗಂಟೆಯ ನಮ್ಮ ‘ಜಾವ’ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಆ ಬಾಗಿಲು ಕಾಯುವವನಿಂದಲೇ ನನಗೆ ‘ಕಾಯು’ ಹೊಳೆಯಿತು. ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಅವನು ಮಾಡುವುದೂ ಎರಡನ್ನೇ: ಮನೆ ಕಾಯುತ್ತಾನೆ, ಯಜಮಾನನಿಗೆ ಕಾಯುತ್ತಾನೆ. ‘ಎದುರುನೋಡು’ ಅಂದರೆ ಆಸೆ ಬರುತ್ತದೆ, ಕಾವಲು ಬಿಟ್ಟುಹೋಗುತ್ತದೆ.

ಹಾಗಾಗಿ ‘ಎದ್ದು ಕಾದಿರಿ’ ಎಂದು ಬರೆಯೋಣ ಅಂದುಕೊಂಡಿದ್ದೇನೆ. ಓದುವಾಗ ಇದು ಸಹಜವಾಗಿ ಕೇಳುತ್ತದೆಯೇ? ನಿಮ್ಮ ಕಡೆ ರಾತ್ರಿ ಯಾರಿಗಾದರೂ ನಿದ್ದೆಗೆಟ್ಟು ಕಾಯುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.