ಕ್ಯಾಲಿಫೋರ್ನಿಯಾದ ನಾಪಾ–ಸೋನೋಮಾ ಕಡೆ ಹಳೇ ಕಾಲದ ಮನೆ ಬಾಡಿಗೆಗೆ ಹಿಡಿದವರು ಅನುಭವ ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ಒಂದು ವಾರಾಂತ್ಯ ವೈನ್ ಸೀಮೆ ಕಡೆ ಹೋಗಿ, ಹೋಟೆಲ್ ಬದಲು ವಿಕ್ಟೋರಿಯನ್ ಕಾಲದ (19ನೇ ಶತಮಾನದ) ಮನೆಯೊಂದನ್ನ ಪೂರ್ತಿ ಬಾಡಿಗೆಗೆ ಹಿಡಿಯೋಣ ಅಂತಿದೀವಿ. ಫೋಟೊಗಳಲ್ಲಿ ಎಲ್ಲ ಮನೆಯೂ ಅರಮನೆ ಥರ ಕಾಣ್ತಿವೆ. ಅಮ್ಮನಿಗೆ ಮಂಡಿನೋವು, ಅಪ್ಪ ವೈನ್ ಮುಟ್ಟಲ್ಲ, ಜೊತೆಗೆ ಮೂರು ವರ್ಷದ ಮಗಳು. ದುಡ್ಡು ಕಟ್ಟೋಕೆ ಮುಂಚೆ ಏನೇನು ವಿಚಾರಿಸಬೇಕು?

ಸ್ಯಾನ್ ರಮೋನ್‌ನಿಂದ ಒಬ್ಬರು:
ಎಲ್ಲಕ್ಕಿಂತ ಮೊದಲು ಮನೆ ಯಾವ ಊರಿನ ಹದ್ದಿನೊಳಗಿದೆ ಅಂತ ನೋಡಿ. ನಾಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ನಗರಗಳ ಗಡಿ ದಾಟಿದರೆ, ಅಂದರೆ ದ್ರಾಕ್ಷಿ ತೋಟಗಳೇ ಇರೋ ಕಡೆ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆ ಕೊಡೋ ಹಾಗೇ ಇಲ್ಲ. 1968ರಲ್ಲಿ ಕಣಿವೆಯನ್ನ ಕೃಷಿ ಸಂರಕ್ಷಣಾ ಪ್ರದೇಶ ಅಂತ ಗುರುತಿಸಿದಾಗಿನಿಂದ ಅಲ್ಲಿನ ಜಮೀನಿನ ನಿಯಮಗಳು ಬಹಳ ಬಿಗಿ. ಹಾಗಾಗಿ "ನಾಪಾ ತೋಟದ ನಡುವೆ ಹಳೇ ಬಂಗಲೆ, ಎರಡು ರಾತ್ರಿಗೆ" ಅನ್ನೋ ಜಾಹೀರಾತು ಕಂಡರೆ ಖುಷಿ ಪಡೋ ಬದಲು ಅನುಮಾನ ಪಡಿ. ನಾಪಾ ನಗರದೊಳಗೆ ಪರ್ಮಿಟ್ ಇರೋ ಮನೆಗಳಿವೆ, ಆದರೆ ಇಷ್ಟೇ ಮನೆಗೆ ಅಂತ ಮಿತಿ ಹಾಕಿ ಪರ್ಮಿಟ್ ಕೊಡ್ತಾರೆ. ತೋಟದ ಮಧ್ಯೆಯೇ ಇರಬೇಕು ಅಂತಿದ್ರೆ ಸೋನೋಮಾ ಕೌಂಟಿ ಕಡೆ ಹುಡುಕಿ, ಅಲ್ಲಿ ಪರ್ಮಿಟ್ ಮೇಲೆ ಹಳ್ಳಿಗಾಡಿನ ಮನೆ ಸಿಗುತ್ತೆ. ಎರಡೂ ಕಡೆ ಪರ್ಮಿಟ್ ನಂಬರ್ ಕೇಳಿ ಇಸ್ಕೊಳ್ಳಿ. ನಮ್ಮ ಆಫೀಸಿನವರೊಬ್ಬರಿಗೆ ಹೊರಡೋ ವಾರದಲ್ಲಿ ಮಾಲೀಕರಿಂದ "ಕ್ಯಾನ್ಸಲ್" ಅಂತ ಮೆಸೇಜ್ ಬಂತು. ದುಡ್ಡೇನೋ ವಾಪಸ್ ಬಂತು, ಆದರೆ ಆ ವಾರಾಂತ್ಯಕ್ಕೆ ಬೇರೆ ಮನೆ ಎಲ್ಲಿ ಸಿಗುತ್ತೆ?

ನಿಮ್ಮ ವಿಷಯಕ್ಕೆ ಬಂದರೆ, ನಾಪಾ ಊರಲ್ಲೇ ಫುಲ್ಲರ್ ಪಾರ್ಕ್ ಸುತ್ತಮುತ್ತ ನೋಡಿ. ಕ್ವೀನ್ ಆನ್, ಇಟಾಲಿಯನೇಟ್ ಅನ್ನೋ ವಿಕ್ಟೋರಿಯನ್ ಕಾಲದ ಶೈಲಿಗಳ ಮನೆಗಳು ಸಾಲುಸಾಲಾಗಿವೆ, ಪೇಟೆಗೆ ನಡೆದೇ ಹೋಗಬಹುದು. ಸಂಜೆ ಕಾರು ತೆಗೆಯೋ ಗೊಡವೆಯೇ ಇಲ್ಲದಿದ್ರೆ ಕುಡಿಯೋರಿಗೂ ಕುಡಿಯದವರಿಗೂ ನೆಮ್ಮದಿ.

ಕ್ಯೂಪರ್ಟಿನೋದಿಂದ:
ಅಕ್ಕ, ಅಮ್ಮನ ಮಂಡಿನೋವು ಅಂದ್ರಲ್ಲ, ಅದಕ್ಕೆ ಬರೀತಿದೀನಿ. ನಮ್ಮ ಅತ್ತೆ ಮಾವನ್ನ ಇಂಥದ್ದೇ ಮನೆಗೆ ಕರ್ಕೊಂಡು ಹೋಗಿದ್ವಿ. ಜಾಹೀರಾತಿನಲ್ಲಿ "ನಾಲ್ಕು ಬೆಡ್‌ರೂಮ್" ಅಂತಿತ್ತು. ನಾಲ್ಕೂ ಮಹಡಿ ಮೇಲೇ ಅಂತ ಬರೆದಿರಲಿಲ್ಲ! ಆ ಕಾಲದ ಮೆಟ್ಟಿಲು ಕಡಿದು, ಇಕ್ಕಟ್ಟು, ಪಾದ ಪೂರ್ತಿ ಊರೋಕೆ ಜಾಗ ಇರಲ್ಲ. ಮನೆ ನೆಲಮಟ್ಟದಿಂದ ಎತ್ತರಕ್ಕೆ ಕಟ್ಟಿರೋದ್ರಿಂದ ಬಾಗಿಲಿಗೆ ಹೋಗೋಕೇ ಐದಾರು ಮೆಟ್ಟಿಲು ಹತ್ತಬೇಕು, ಕೆಲವು ಕಡೆ ಹಿಡ್ಕೊಳ್ಳೋಕೆ ಕಂಬಿನೂ ಇರಲ್ಲ.

ಸ್ನಾನದ ಮನೆ ಇನ್ನೂ ಮುಖ್ಯ. ಫೋಟೊದಲ್ಲಿ ಕಾಲುಳ್ಳ ಬಿಳೀ ಟಬ್ ಬಹಳ ಚಂದ ಕಾಣುತ್ತೆ. ಅದರ ಅಂಚು ಮಂಡಿಗಿಂತ ಮೇಲೆ, ಒಳಗೆ ಜಾರಿಕೆ. ಅತ್ತೆ ಒಂದು ಸಲ ನೋಡಿ "ನಾನು ಮೈ ಒರೆಸ್ಕೋತೀನಿ ಬಿಡಮ್ಮ" ಅಂದ್ರು. ಕೆಳಗಡೆ ಒಂದು ರೂಮು, ಅದರ ಪಕ್ಕ ನಡೆದು ಒಳಗೆ ಹೋಗೋ ಥರದ ಶವರ್, ಇವೆರಡೂ ಇದ್ದರೆ ಮಾತ್ರ ಮುಂದುವರೀರಿ. ಮಾಲೀಕರನ್ನ ಕೇಳಿ: ಕಾರು ನಿಲ್ಲಿಸೋ ಜಾಗದಿಂದ ಹಾಸಿಗೆವರೆಗೆ ಫೋನಲ್ಲಿ ಒಂದು ವಿಡಿಯೋ ಮಾಡಿ ಕಳಿಸಿ ಅಂತ. ಕಳಿಸೋರು ಕಳಿಸ್ತಾರೆ. ಕಳಿಸದೇ ಇದ್ದರೆ ಅದೂ ಒಂದು ಉತ್ತರವೇ. ಮಂಚದ ಎತ್ತರಾನೂ ಕೇಳಿ, ಹಳೇ ಮಂಚಗಳಿಗೆ ಏಣಿ ಇಡಬೇಕು.

ಕಟ್ಟಡ ಇಂಜಿನಿಯರ್ ಒಬ್ಬರು:
ಹಳೆಯ ಮನೆ ಎಂದ ಕೂಡಲೇ ಭೂಕಂಪಕ್ಕೆ ಹೆದರಬೇಕಿಲ್ಲ, ಆದರೆ ಕೇಳುವುದನ್ನು ಕೇಳಬೇಕು. 2014ರ ಆಗಸ್ಟ್ 24ರ ನಸುಕಿನ 3.20ಕ್ಕೆ ನಾಪಾದಲ್ಲಿ 6.0 ತೀವ್ರತೆಯ ಭೂಕಂಪ ಆಯಿತು. ಹೆಚ್ಚು ಪೆಟ್ಟು ತಿಂದದ್ದು ಉಕ್ಕಿನ ಬಲವಿಲ್ಲದ ಇಟ್ಟಿಗೆ, ಕಲ್ಲಿನ ಕಟ್ಟಡಗಳು ಮತ್ತು ಹಳೆಯ ಮನೆಗಳ ಇಟ್ಟಿಗೆ ಚಿಮಣಿಗಳು. ಮರದ ಚೌಕಟ್ಟಿನ ಮನೆ ಓಲಾಡಿ ತಡೆದುಕೊಳ್ಳುತ್ತದೆ. ಅದರ ದುರ್ಬಲ ಜಾಗ ಬುಡದಲ್ಲಿದೆ. ಅಡಿಪಾಯಕ್ಕೂ ಕೆಳಗಿನ ಅಂತಸ್ತಿನ ನೆಲಕ್ಕೂ ನಡುವೆ ಗಿಡ್ಡ ಮರದ ಗೋಡೆ ಇರುತ್ತದೆ. ಅದಕ್ಕೆ ಪ್ಲೈವುಡ್ ಬಿಗಿದಿಲ್ಲದಿದ್ದರೆ, ಮನೆಯನ್ನು ಅಡಿಪಾಯಕ್ಕೆ ಬೋಲ್ಟ್ ಹಾಕಿ ಕೂರಿಸದಿದ್ದರೆ, ಇಡೀ ಮನೆ ಪಕ್ಕಕ್ಕೆ ಜಾರಿ ಕೂರಬಹುದು. "ಫೌಂಡೇಶನ್ ಬೋಲ್ಟ್ ಆಗಿದೆಯೇ, ಚಿಮಣಿ ಮತ್ತೆ ಕಟ್ಟಿದ್ದೀರಾ" ಎಂಬ ಎರಡು ಪ್ರಶ್ನೆ ಸಾಕು. ಮನೆಯ ಬಗ್ಗೆ ಕಾಳಜಿ ಇರುವ ಮಾಲೀಕರು ಇದಕ್ಕೆ ಅರ್ಧ ಪುಟ ಉತ್ತರ ಬರೆಯುತ್ತಾರೆ. ಅದಕ್ಕೆ ಮಾಡಿದ ಖರ್ಚು ಅವರಿಗೆ ಮರೆತಿರುವುದಿಲ್ಲ.

ಮಗು ಇರುವುದರಿಂದ ಇನ್ನೊಂದು ಮಾತು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ (ಸೀಸ ಮಕ್ಕಳಿಗೆ ವಿಷ) ನಿಷೇಧವಾದದ್ದು 1978ರಲ್ಲಿ. ಅದಕ್ಕೂ ನೂರು ವರ್ಷ ಹಿಂದಿನ ಮನೆಯಲ್ಲಿ ಒಳಪದರಗಳಲ್ಲಿ ಅದು ಇದ್ದೇ ಇರುತ್ತದೆ ಎಂದುಕೊಳ್ಳಿ. ಮೇಲಿನ ಬಣ್ಣ ಗಟ್ಟಿಯಾಗಿದ್ದರೆ ತೊಂದರೆಯಿಲ್ಲ. ಮೇಲೆ ಕೆಳಗೆ ಸರಿಯುವ ಹಳೆಯ ಕಿಟಕಿಗಳಲ್ಲಿ ಉಜ್ಜಿ ಉಜ್ಜಿ ಪುಡಿ ಉದುರುತ್ತದೆ, ಅದು ಕಿಟಕಿಯ ಪಟ್ಟಿಯ ಮೇಲೆ ಕೂರುತ್ತದೆ, ಮೂರು ವರ್ಷದ ಮಗುವಿನ ಬಾಯಿ ಸರಿಯಾಗಿ ಅದೇ ಎತ್ತರಕ್ಕಿರುತ್ತದೆ. ಹೋದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಹುಬ್ಬಳ್ಳಿ ಕಡೆಯವರು, ಈಗ ಸ್ಯಾಕ್ರಮೆಂಟೋದಾಗ:
ತ್ವಾಟದ ನಡು ಮನಿ ಅಂದ್ರ ಶಾಂತ ಇರತೈತಿ ಅಂತ ತಿಳ್ಕೋಬ್ಯಾಡ್ರಿ. ಅದು ಮಂದಿ ದುಡಿಯೂ ಜಾಗಾ ಐತಿ. ನಾವು ಸುಗ್ಗಿ ಟೈಮಿಗೆ ಹೋಗಿದ್ವಿ. ರಾತ್ರಿ ಎರಡಕ್ಕ ಕಿಟಕಿ ತುಂಬ ಲೈಟು, ಟ್ರ್ಯಾಕ್ಟರ್ ಸಪ್ಪಳ, ಮಂದಿ ಕೂಗಾಟ. ಹಣ್ಣು ತಂಪಿದ್ದಾಗ ಕೊಯ್ದ್ರ ಛಲೋ ಅಂತ ರಾತ್ರಿನ ಕೊಯ್ಯತಾರ. ನಮ್ಮಾಕಿ ಶಾಲು ಹೊದ್ಕೊಂಡು ಕಟ್ಟಿಮ್ಯಾಲ ಕುಂತು ಬೆಳಗಾಗೂತನಾ ನೋಡಿದ್ಲು. ನಾ ದಿಂಬು ಕಿವಿಗೆ ಒತ್ಕೊಂಡು ಮಲಗಿದ್ನಿರಿ. ವಸಂತದಾಗ ಹೋದ್ರ ಇನ್ನೊಂದು ತರಾ: ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡಬಾರ್ದಂತ ತ್ವಾಟದಾಗ ದೊಡ್ಡ ಫ್ಯಾನ್ ನಿಲ್ಲಿಸಿರ್ತಾರ, ನಸುಕಿನ್ಯಾಗ ಚಾಲೂ ಆದ್ರ ಹೆಲಿಕಾಪ್ಟರ್ ಮನಿಮ್ಯಾಲ ಇಳದಂಗ. ಅಕ್ಟೋಬರದಾಗ ಒಂದ್ ಲಾಭ ಐತಿ: ರಸ ಹುಳಿಯೂ ವಾಸನಿ ಇಡೀ ಊರಿಗೆ ಹರಡಿರತೈತಿ. ನಿಮ್ಮ ಅಪ್ಪಾರು ಕುಡಿಯದಿದ್ರೂ ಅದು ಪುಕ್ಕಟೆ ಸಿಗತೈತಿ.

ಸಾಂಟಾ ರೋಸಾದಲ್ಲೇ ಇರುವವರು:
ಸ್ಥಳೀಯರಾಗಿ ಹೇಳ್ತೀನಿ, ಅಕ್ಟೋಬರ್ ಅಂದ್ರೆ ನಮಗೆ ಬೆಂಕಿ ನೆನಪಾಗುತ್ತೆ. 2017ರ ಅಕ್ಟೋಬರ್ 8ರ ರಾತ್ರಿ ಕ್ಯಾಲಿಸ್ಟೋಗ ಹತ್ತಿರ ಹೊತ್ತಿದ "ಟಬ್ಸ್" ಹೆಸರಿನ ಕಾಳ್ಗಿಚ್ಚು ಕೆಲವೇ ಗಂಟೆಗಳಲ್ಲಿ ಗುಡ್ಡ ದಾಟಿ ನಮ್ಮೂರೊಳಗೆ ಬಂತು. 2020ರ ಸೆಪ್ಟೆಂಬರ್ ಕೊನೆಗೆ "ಗ್ಲಾಸ್" ಹೆಸರಿನ ಕಾಳ್ಗಿಚ್ಚು ಸೇಂಟ್ ಹೆಲೀನಾ ಕಡೆ. ಬರಬೇಡಿ ಅಂತಲ್ಲ. ಬಹುಪಾಲು ಅಕ್ಟೋಬರ್ ಸೊಗಸಾಗೇ ಕಳೆಯುತ್ತೆ. ಆದರೆ ಈಶಾನ್ಯದಿಂದ ಒಣ ಗಾಳಿ ಬೀಸಿದರೆ ಮುನ್ನೆಚ್ಚರಿಕೆಗೆ ಅಂತ ವಿದ್ಯುತ್ತನ್ನೇ ತೆಗೀತಾರೆ. ಹಳ್ಳಿಗಾಡಿನ ಹಳೇ ಮನೆಗೆ ಬಾವಿ ನೀರಾದ್ರೆ, ಕರೆಂಟ್ ಹೋದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ರೆ ನಲ್ಲಿಯಲ್ಲಿ ನೀರಿಲ್ಲ. ಜನರೇಟರ್ ಇದೆಯಾ ಕೇಳಿ. ಊರು ಖಾಲಿ ಮಾಡಿ ಅಂದಾಗ ದುಡ್ಡು ವಾಪಸ್ ಬರುತ್ತಾ, ಬರೀ ಹೊಗೆ ತುಂಬಿದ್ರೂ ಬರುತ್ತಾ, ಇವೆರಡನ್ನೂ ಬೇರೆ ಬೇರೆಯಾಗಿ ಬರವಣಿಗೆಯಲ್ಲಿ ಪಡೀರಿ. ಹೊಗೆಯ ವಿಷಯಕ್ಕೇ ಜಗಳ ಆಗೋದು. ಕೌಂಟಿಯ ತುರ್ತು ಸಂದೇಶಕ್ಕೆ ಫೋನ್ ನಂಬರ್ ನೋಂದಾಯಿಸಿ. ಗುಡ್ಡದ ಮೇಲಿನ ಮನೆಯಾದ್ರೆ ಇಳಿಯೋಕೆ ಎರಡನೇ ದಾರಿ ಇದೆಯಾ ಅಂತ ನಕ್ಷೆ ನೋಡಿ. ಒಂದೇ ದಾರಿ ಇರೋ ಮನೆಗೆ ನಾನಾದ್ರೆ ಆ ತಿಂಗಳು ವಯಸ್ಸಾದವರನ್ನ ಕರ್ಕೊಂಡು ಹೋಗಲ್ಲ.

ಸೆಕೆ ಬಗ್ಗೆನೂ ಒಂದು ಮಾತು. ಅನೇಕ ಹಳೇ ಮನೆಗಳಲ್ಲಿ ಎ.ಸಿ. ಇರಲ್ಲ, ಮಹಡಿ ಮೇಲೆ ಒಂದೆರಡು ಫ್ಯಾನ್ ಇಟ್ಟಿರ್ತಾರೆ. ಇಲ್ಲಿ ರಾತ್ರಿ ಚೆನ್ನಾಗಿ ತಣ್ಣಗಾಗುತ್ತೆ, ಹಾಗಾಗಿ ರಾತ್ರಿ ಕಿಟಕಿ ತೆಗೆದು ಬೆಳಗ್ಗೆ ಒಂಬತ್ತರೊಳಗೆ ಎಲ್ಲ ಮುಚ್ಚಿ ಪರದೆ ಎಳೆದರೆ ಸಂಜೆವರೆಗೂ ಒಳಗೆ ತಂಪು. ಕಿಟಕಿ ನಿಜವಾಗ್ಲೂ ತೆರೆಯುತ್ತಾ ಅಂತ ಮಾತ್ರ ಕೇಳ್ಕೊಳ್ಳಿ, ಎಷ್ಟೋ ಮನೆಗಳಲ್ಲಿ ಬಣ್ಣ ಬಳಿದು ಬಳಿದು ಅಂಟಿಕೊಂಡಿರುತ್ತೆ.

ಫ್ರೀಮಾಂಟ್‌ನಿಂದ:
ನಾನೊಬ್ಬ ವಿರೋಧ ಪಕ್ಷ. ಎರಡೇ ರಾತ್ರಿಗಾದ್ರೆ ಹೋಟೆಲ್ ಸಾಕು. ಕ್ಲೀನಿಂಗ್ ಚಾರ್ಜು ಎರಡು ರಾತ್ರಿಗೂ ಒಂದೇ, ಐದು ರಾತ್ರಿಗೂ ಒಂದೇ. ಮೇಲೆ ತಂಗುವ ತೆರಿಗೆ ಬೇರೆ. ಜೊತೆಗೆ ನಿಯಮಗಳ ಪಟ್ಟಿ: ಮರದ ಮೇಜಿನ ಮೇಲೆ ಗ್ಲಾಸ್ ಇಡಬೇಡಿ, ಟಾಯ್ಲೆಟ್‌ಗೆ ವೈಪ್ಸ್ ಹಾಕಬೇಡಿ (ಸೆಪ್ಟಿಕ್ ಟ್ಯಾಂಕ್), ಒಂದೇ ಪ್ಲಗ್ ಸಾಲಿಗೆ ಹೀಟರೂ ಕೆಟಲೂ ಹಾಕಬೇಡಿ, ಹೊರಗೆ ಸ್ಪೀಕರ್ ಬೇಡ. ಇದರಲ್ಲಿ ಸ್ಪೀಕರ್‌ದು ಮಾಲೀಕರ ಹಠ ಅಲ್ಲ, ಸೋನೋಮಾ ಕೌಂಟಿಯ ನಿಯಮವೇ. ನಾವು ಹಿಡಿದಿದ್ದ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ತಕ್ಷಣ ಹೊಗೆ ಅಲಾರಂ ಹೊಡ್ಕೊಂಡಿತು, ಯಾಕಂದ್ರೆ ಆ ಅಡುಗೆಮನೆಗೆ ಹೊರಗೆ ಗಾಳಿ ತಳ್ಳೋ ಫ್ಯಾನೇ ಇರಲಿಲ್ಲ.

ಕ್ಯೂಪರ್ಟಿನೋದವರು ಮತ್ತೆ:
ಫ್ರೀಮಾಂಟ್ ಅಣ್ಣ, ನೀವು ದಿನಕ್ಕೆ ನಾಲ್ಕು ವೈನರಿ ಸುತ್ತಿ ರಾತ್ರಿ ಮಲಗೋಕೆ ಮಾತ್ರ ಮನೆಗೆ ಬಂದಿರಬೇಕು. ಹಾಗಾದ್ರೆ ಹೋಟೆಲ್ಲೇ ಸರಿ. ಇಂಥ ಮನೆ ಹಿಡಿಯೋದೇ ಮನೆಯಲ್ಲಿ ಇರೋಕೆ. ಮಾವನೂ ಕುಡಿಯಲ್ಲ. ಅವರಿಗೆ ಬಾಗಿಲು ಹೇಗೆ ಕೂರಿಸಿದ್ದಾರೆ, ಕಿಟಕಿಯೊಳಗೆ ಹಗ್ಗಕ್ಕೆ ತೂಕ ಕಟ್ಟಿ ಹೇಗೆ ಎತ್ತುತ್ತಾರೆ ಅಂತ ನೋಡೋದ್ರಲ್ಲೇ ಬೆಳಗ್ಗೆ ಕಳೀತು. ಮಧ್ಯಾಹ್ನ ಸೇಂಟ್ ಹೆಲೀನಾ ಹತ್ತಿರದ ಬೇಲ್ ಗಿರಣಿಗೆ ಹೋದ್ವಿ. 1846ರದ್ದು, ನೀರಿನ ಚಕ್ರದಿಂದ ಓಡೋ ಹಿಟ್ಟಿನ ಗಿರಣಿ. ವೈನರಿಗಳಿಗಿಂತ ಅದೇ ಅವರಿಗೆ ಹಿಡಿಸಿತು. ಸೋನೋಮಾ ಕಡೆ ಆದ್ರೆ ಪ್ಲಾಜಾ (ಊರ ನಡುವಿನ ಚೌಕ) ಪಕ್ಕದ 1823ರ ಮಿಶನ್ (ಕ್ರೈಸ್ತ ಪಾದ್ರಿಗಳ ಧರ್ಮಕೇಂದ್ರ) ತೋರಿಸಿ, ಕ್ಯಾಲಿಫೋರ್ನಿಯಾದ ಮಿಶನ್‌ಗಳ ಸಾಲಿನಲ್ಲಿ ಅದೇ ಕೊನೇದು. ಹಳೇ ವಿಕ್ಟೋರಿಯನ್ ವೈಭವ ನೋಡಬೇಕಂದ್ರೆ ಸೇಂಟ್ ಹೆಲೀನಾದ ಬೆರಿಂಜರ್ ವೈನರಿಯ ರೈನ್ ಹೌಸ್ ಅನ್ನೋ ಬಂಗಲೆ ಇದೆ, 1884ರದ್ದು.

ಸ್ಯಾನ್ ರಮೋನ್‌ನವರು:
ವೈನರಿ ದಿನಕ್ಕೊಂದು, ಹೆಚ್ಚಂದ್ರೆ ಎರಡು. ನಾಪಾದಲ್ಲಿ 1990ರ ನಂತರ ಅನುಮತಿ ಪಡೆದ ವೈನರಿಗಳಿಗೆ ಮೊದಲೇ ಸಮಯ ಗೊತ್ತು ಮಾಡ್ಕೊಂಡೇ ಹೋಗಬೇಕು, ಸುಮ್ಮನೆ ಬಾಗಿಲಿಗೆ ಹೋದ್ರೆ ಒಳಗೆ ಬಿಡಲ್ಲ. ಬುಕ್ ಮಾಡುವಾಗಲೇ ಮಗು ಇದೆ ಅಂತ ಹೇಳಿ, ಕೆಲವರು ಮಕ್ಕಳನ್ನ ಸೇರಿಸಲ್ಲ. ತೆರೆದ ಬಾಟಲಿ ಕಾರಿನ ಡಿಕ್ಕಿಯಲ್ಲಿರಲಿ, ಸೀಟಿನ ಬಳಿ ಸಿಕ್ಕಿದ್ರೆ ದಂಡ. ದಿನಾಂಕ ಬದಲಿಸೋಕೆ ಆಗೋದಾದ್ರೆ ನವೆಂಬರ್ ಮೊದಲ ವಾರ, ಭಾನುವಾರದಿಂದ ಬುಧವಾರ ನೋಡಿ. ಸುಗ್ಗಿ ಮುಗಿದಿರುತ್ತೆ, ಬಳ್ಳಿಗಳ ಎಲೆ ಕೆಂಪಾಗಿರುತ್ತೆ, ವಾರಾಂತ್ಯದ ಬಾಡಿಗೆಯಲ್ಲೇ ಇನ್ನೊಂದು ರಾತ್ರಿ ಹೆಚ್ಚು ಸಿಕ್ಕಿದ್ರೂ ಸಿಗಬಹುದು.