ಫಾಸ್ಫೇಟ್ ಪದರ: 32 ಲಕ್ಷ ಟನ್ ಎಂಬ ನನ್ನ ಲೆಕ್ಕ ಸರಿಯೇ?

ಕೊಣಾಜೆ ವಿದ್ಯಾರ್ಥಿನಿ

ಹಿರಿಯರಿಗೆ ನಮಸ್ಕಾರ. ನಾನು ಭೂವಿಜ್ಞಾನ ಓದುತ್ತಿದ್ದೇನೆ. ರಾಜಸ್ಥಾನದ ಝಾಮರ್‌ಕೋಟ್ರಾ ಫಾಸ್ಫೇಟ್ ಗಣಿಯ ಮಾದರಿಯ ಪದರವೊಂದನ್ನು ಕಲ್ಪಿಸಿಕೊಂಡು ಅದರ ಗಾತ್ರ ಅಂದಾಜಿಸುವ ಅಭ್ಯಾಸ ಕೊಟ್ಟಿದ್ದಾರೆ. ಪದರದ ಉದ್ದ 1,200 ಮೀಟರ್. ಅದು ಸಮತಲದಿಂದ 60 ಡಿಗ್ರಿ ಓರೆಯಾಗಿ ಇಳಿದಿದೆ. ಆ ಓರೆಯಲ್ಲೇ ಅಳೆದರೆ 80 ಮೀಟರ್‌ವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೇರ ಕೆಳಕ್ಕೆ ಕೊರೆದ ನಾಲ್ಕೂ ಬೋರ್‌ಹೋಲ್‌ಗಳಲ್ಲಿ 12 ಮೀಟರ್ ಅದಿರು ಸಿಕ್ಕಿದೆ. ಸಾಂದ್ರತೆ ಘನ ಮೀಟರಿಗೆ 2.8 ಟನ್. ಗುಣಿಸಿದರೆ 32 ಲಕ್ಷ ಟನ್ ದಾಟುತ್ತದೆ. ಕೋರ್‌ನ (ಕೊರೆದು ತೆಗೆದ ಕಲ್ಲಿನ ದಿಂಡು) ಮೇಲಿನ 4 ಮೀಟರಿನಲ್ಲಿ ರಂಜಕದ ಪೆಂಟಾಕ್ಸೈಡ್ (ಅದಿರಿನ ರಂಜಕವನ್ನು ಲೆಕ್ಕ ಹಾಕುವ ರೂಪ) ಶೇ 28, ಕೆಳಗಿನ 8 ಮೀಟರಿನಲ್ಲಿ ಶೇ 16. ಸರಾಸರಿ 22 ಎಂದು ಬರೆದಿದ್ದೇನೆ. ಇಷ್ಟನ್ನೂ ಗಣಿಯಿಂದ ತೆಗೆಯಬಹುದು ಎನ್ನಲೇ? ನಾಳಿದ್ದು ಸಲ್ಲಿಸಬೇಕು.

ಮಣಿಪಾಲದ ನಿವೃತ್ತ

ತಂಗೀ, ವರದಿಯನ್ನು ಹಾಗೆಯೇ ಸಲ್ಲಿಸಬೇಡಿ. ಗೋಡೆಗೆ ಓರೆಯಾಗಿ ಒರಗಿಸಿದ ಮುರಕಲ್ಲನ್ನು ನೆನೆಸಿಕೊಳ್ಳಿ. ಮೇಲಿನಿಂದ ನೇರವಾಗಿ ಕಬ್ಬಿಣದ ಸರಳು ತೂರಿಸಿದರೆ ಅದು ಕಲ್ಲಿನ ದಪ್ಪಕ್ಕಿಂತ ಹೆಚ್ಚು ದೂರ ಕಲ್ಲಿನೊಳಗೇ ಸಾಗುತ್ತದೆ. ನಿಮ್ಮ 12 ಮೀಟರ್ ಆ ಸರಳಿನ ಅಳತೆ. 60 ಡಿಗ್ರಿಯ ಕೊಸೈನ್ ಅರ್ಧ. ಹಾಗಾಗಿ ನಿಜವಾದ ದಪ್ಪ 6 ಮೀಟರ್, ಅದಿರು ಸುಮಾರು 16 ಲಕ್ಷ ಟನ್.

ಸರಾಸರಿಯೂ 22 ಅಲ್ಲ. ಬಡ ಅದಿರಿನ ಉದ್ದ ಇಮ್ಮಡಿ ಇರುವಾಗ ಅದರ ತೂಕವೂ ಇಮ್ಮಡಿ ಬೀಳಬೇಕು: 4ನ್ನು 28ರಿಂದ, 8ನ್ನು 16ರಿಂದ ಗುಣಿಸಿ, ಕೂಡಿಸಿ, 12ರಿಂದ ಭಾಗಿಸಿ. ಬರುವುದು ಶೇ 20.

ಇನ್ನು ಗಣಿಯ ಮಾತು. 400 ಮೀಟರಿಗೊಂದರಂತೆ ನಾಲ್ಕು ರಂಧ್ರ ಕೊರೆದು ‘ಇಷ್ಟು ಅದಿರು ತೆಗೆಯಬಹುದು’ ಎನ್ನಲಾಗದು. ಅದನ್ನು ಊಹಿತ ಸಂಪನ್ಮೂಲ (ಇನ್ನೂ ಖಚಿತವಾಗದ ಅಂದಾಜು) ಎಂದಷ್ಟೇ ಬರೆಯಿರಿ. ಪದರ ಇಷ್ಟು ಕಡಿದಾಗಿದ್ದರೆ ತೆರೆದ ಗಣಿ ಆಳವಾದಂತೆ ಪ್ರತಿ ಟನ್ ಅದಿರಿಗೆ ತೆಗೆದೆಸೆಯಬೇಕಾದ ಬರಿಗಲ್ಲೂ ಏರುತ್ತದೆ. ಝಾಮರ್‌ಕೋಟ್ರಾದ ಕೋರ್ ಕೈಗೆ ಸಿಕ್ಕರೆ ಒಮ್ಮೆ ಒದ್ದೆ ಮಾಡಿ ನೋಡಿ. ಪ್ರಾಚೀನ ಸೂಕ್ಷ್ಮಜೀವಿಗಳ ಪದರಗಳಿಂದ ಬೆಳೆದು ಕಂಬಗಳಂತೆ ಎದ್ದು ನಿಂತ ಸ್ಟ್ರೊಮ್ಯಾಟೊಲೈಟ್‌ಗಳು ಕಾಣುತ್ತವೆ. ಫಾಸ್ಫೇಟ್ ಇರುವುದು ಆ ಕಂಬಗಳಲ್ಲಿ. ನಡುವೆ ತುಂಬಿರುವುದು ಡೊಲೊಮೈಟ್, ಅಂದರೆ ಮೆಗ್ನೀಸಿಯಮ್ ಇರುವ ಸುಣ್ಣಗಲ್ಲಿನಂಥ ಕಲ್ಲು. ಅದಿರನ್ನು ಆಮ್ಲದಲ್ಲಿ ಕರಗಿಸಿ ಗೊಬ್ಬರ ಮಾಡುವ ಕಾರ್ಖಾನೆಗೆ ಅದರ ಮೆಗ್ನೀಸಿಯಮ್ ಶತ್ರು, ಆಮ್ಲವನ್ನು ಸುಮ್ಮನೆ ಕುಡಿಯುತ್ತದೆ. ಆದ್ದರಿಂದ ಅರೆದು, ಬೇರ್ಪಡಿಸಿ, ಶೇ 30ರ ಆಸುಪಾಸಿಗೆ ಏರಿಸಬೇಕು. ಇದರಲ್ಲಿ ಮುಕ್ಕಾಲು ಪಾಲು ರಂಜಕ ಉಳಿಯಿತು ಎಂದಿಟ್ಟುಕೊಂಡರೂ ನಿಮ್ಮ 16 ಲಕ್ಷದಿಂದ ಸಿಗುವ ಸಾಂದ್ರ ಅದಿರು 8 ಲಕ್ಷ ಟನ್. ಗಣಿಯಲ್ಲೇ ಉಳಿದುಹೋಗುವುದನ್ನು ಇನ್ನೂ ಕಳೆದಿಲ್ಲ.

ಕಾರ್ಕಳದ ಕೃಷಿಕ

ಅಡಿಕೆ ಮರಕ್ಕೆ ವರ್ಷಕ್ಕೆ 40 ಗ್ರಾಂ ರಂಜಕ (ಪೆಂಟಾಕ್ಸೈಡ್ ಲೆಕ್ಕದಲ್ಲಿ) ಕೊಡಬೇಕೆಂಬ ಶಿಫಾರಸಿದೆ. ಅದಕ್ಕಾಗಿ ನಾವು 200 ಗ್ರಾಂ ಶಿಲಾರಂಜಕದ ಪುಡಿ ಹಾಕುತ್ತೇವೆ. ಶೇ 20 ಎಂದರೆ ಅದೇ ಲೆಕ್ಕವಲ್ಲವೇ? ಹಾಗಾದರೆ ಈ ಅದಿರು ಬೇರ್ಪಡಿಸದೆಯೂ ನಮಗೆ ಆಗುತ್ತದೆಯೇ?

ಮಣಿಪಾಲದ ನಿವೃತ್ತ

ಒಳ್ಳೆಯ ಪ್ರಶ್ನೆ. ನಮ್ಮ ಕರಾವಳಿಯ ಹುಳಿ ಮಣ್ಣಿನಲ್ಲಿ ನುಣ್ಣಗೆ ಅರೆದ ಪುಡಿ ನಿಧಾನವಾಗಿ ಕರಗುತ್ತದೆ; ಸುಣ್ಣದಂಶದ ಮಣ್ಣಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಕೂರುತ್ತದೆ. ಆದರೆ ರಾಜಸ್ಥಾನದಿಂದ ಇಲ್ಲಿಗೆ ತರುವ ಸಾಗಾಟದ ಖರ್ಚನ್ನು ನೋಡದೆ ಆಗುತ್ತದೆ ಎನ್ನಲಾರೆ. ತಂಗೀ, ಕೊಳ್ಳುವವರು ಯಾರು ಎಂಬುದನ್ನೂ ವರದಿಯಲ್ಲಿ ಸೇರಿಸಿ.

ಕೊಣಾಜೆ ವಿದ್ಯಾರ್ಥಿನಿ

ದಪ್ಪವನ್ನು ತಿದ್ದಿದೆ ಸರ್: 16,12,800 ಟನ್, ಶೇ 20. ‘ತೆಗೆಯಬಹುದು’ ಎಂಬ ಪದ ಹೊಡೆದುಹಾಕಿದ್ದೇನೆ. ನಡುವೆ ಇನ್ನೂ ಮೂರು ರಂಧ್ರ ಕೊರೆಯಬೇಕೆಂದು ಬರೆಯುತ್ತಿದ್ದೇನೆ.